ಮುಟ್ಟಲೇನವ್ವಾ?

ಭಾನುವಾರ ಅಂದ್ರೆ ನಮ್ಮ ಮನೆಯಲ್ಲಿ ತಲೆಸ್ನಾನದ ದಿನ. ಬೆಂಗಳೂರಿನ ಬಾಡಿಗೆ ಮನೆ, ನಾಲ್ಕು ಜನ ಹೆಣ್ಮಕ್ಕಳು, ಒಂದೇ ಬಚ್ಚಲು. ಯಾರು ಮೊದಲು ಹೋಗಬೇಕು ಅನ್ನೋದಕ್ಕೂ ಒಂದು ಲೆಕ್ಕ ಇತ್ತು. ದಿಮಾಪುರದವಳು ಮೊದಲು, ಅವಳದ್ದು ಹತ್ತು ನಿಮಿಷದ ಕೆಲಸ. ಆಮೇಲೆ ಶಹಾಪುರ ಕಡೆಯ ನಾನು. ನನ್ನ ನಂತರ ಯಲ್ಲಾಪುರದ ಸಿದ್ದಿ ಗೆಳತಿ. ಕೊನೆಗೆ ಕೆನ್ಯಾದವಳು. ಅವಳು ಬಚ್ಚಲಿಗೆ ಹೋದಳು ಅಂದ್ರೆ ಹೊರಗೆ ನಮ್ಮ ಅಡುಗೆ ಮುಗಿದು, ಊಟ ಮುಗಿದು, ಪಾತ್ರೆಯೂ ತೊಳೆದಾಗಿರುತ್ತಿತ್ತು.

ಸ್ನಾನವಾದ ಮೇಲೆ ಟೆರೇಸಿನ ಬಿಸಿಲಿಗೆ ಕೂತರೆ ಮಾತು ಶುರು. ನಾಲ್ಕು ತಲೆ, ನಾಲ್ಕು ನಮೂನೆ. ದಿಮಾಪುರದವಳ ಕೂದಲು ನೀರು ಸುರಿದ ಹಾಗೆ ನೇರ. ನನ್ನದು ಅತ್ತ ನೇರವೂ ಅಲ್ಲ, ಇತ್ತ ಗುಂಗುರೂ ಅಲ್ಲ, ಮಳೆ ಬಂದರೆ ಕೆದರಿ ನಿಲ್ಲುವಂಥದ್ದು. ಇನ್ನಿಬ್ಬರದ್ದು ಬಿಗಿ ಸುರುಳಿ. ಕೂದಲು ಹುಟ್ಟುವ ಕುಳಿ ದುಂಡಗಿದ್ದರೆ ನೇರ ಬೆಳೆಯುತ್ತದೆ, ಮೊಟ್ಟೆಯಾಕಾರಕ್ಕೆ ಚಪ್ಪಟೆಯಾದಷ್ಟೂ ಸುರುಳಿಯಾಗುತ್ತದೆ ಅಂತ ನಾನು ಕಲಿತದ್ದು ಆ ಟೆರೇಸಿನ ಮೇಲೆ. ನೆತ್ತಿಯಲ್ಲಿ ಒಸರುವ ಜಿಡ್ಡು ನೇರ ಕೂದಲಲ್ಲಿ ಜಾರಿ ತುದಿ ಮುಟ್ಟುತ್ತದೆ. ಸುರುಳಿಯಲ್ಲಿ ಅದು ಕೆಳಗಿಳಿಯುವುದೇ ಕಷ್ಟ. ಅದಕ್ಕೇ ದಿಮಾಪುರದವಳಿಗೆ ಎರಡು ದಿನಕ್ಕೊಮ್ಮೆ ಶಾಂಪೂ ಬೇಕು, ಕೆನ್ಯಾದವಳಿಗೆ ವಾರಕ್ಕೊಮ್ಮೆ ಹಾಕಿದರೂ ಹೆಚ್ಚು, ಎಣ್ಣೆ ಮಾತ್ರ ಧಾರಾಳ ಬೇಕು. ಒಣಗಿದ ಸುರುಳಿಗೆ ಸಣ್ಣ ಹಲ್ಲಿನ ಹಣಿಗೆ ಹಾಕಿದರೆ ಕೂದಲು ಕಿತ್ತು ಬರುತ್ತದೆ. ಒದ್ದೆ ಇದ್ದಾಗ, ಅಗಲ ಹಲ್ಲಿನ ಹಣಿಗೆಯಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಬರಬೇಕು.

ಒಂದು ದಿನ ಕೆನ್ಯಾದವಳು ದುಡ್ಡು ಸುರಿದು ತರಿಸಿದ ಒಂದು ಬಾಟಲಿ ತೆಗೆದಳು. ಜಮೈಕಾದ ಕಪ್ಪೆಣ್ಣೆಯಂತೆ. ಮುಚ್ಚಳ ತೆಗೆದಾಗ ಬಂದ ವಾಸನೆಗೆ ನನಗೆ ನಮ್ಮ ಆಯಿ ನೆನಪಾದಳು. ಅದು ಔಡಲೆಣ್ಣಿ! ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಸಿದು ತೆಗೆದ, ನಮ್ಮ ಹಿತ್ತಲಿನ ಅದೇ ಔಡಲೆಣ್ಣಿ. ಆಫ್ರಿಕಾದಿಂದ ಗುಲಾಮರಾಗಿ ಹೋದವರು ಜಮೈಕಾದಲ್ಲಿ ಮಾಡುತ್ತ ಬಂದದ್ದೂ ಹೀಗೆ ಹುರಿದು ಕುದಿಸಿಯೇ. ಔಡಲ ಗಿಡದ ಮೂಲವೂ ಪೂರ್ವ ಆಫ್ರಿಕಾದ ಕಡೆ ಅನ್ನುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅವ್ವ ಕಾಸಿದ ಎಣ್ಣೆಯನ್ನು ಎರಡು ಬಾಟಲಿ ತುಂಬಿಕೊಂಡು ಬಂದೆ. ಅವತ್ತಿನಿಂದ ನಮ್ಮ ಮನೆಗೆ ಜಮೈಕಾದ ಬಾಟಲಿ ಬರಲಿಲ್ಲ.

ಇಷ್ಟೇ ಆಗಿದ್ದರೆ ಇದು ಎಣ್ಣೆಯ ಕತೆ ಆಗುತ್ತಿತ್ತು. ಆದರೆ ನನಗೆ ಹೇಳಬೇಕಾಗಿರೋದು ಬೇರೆ.

ಆ ಮನೆಗೆ ಬಂದ ಮೊದಲ ವಾರ ನಾನೊಂದು ಕೆಲಸ ಮಾಡಿದ್ದೆ. ಸಿದ್ದಿ ಗೆಳತಿ ಕೂದಲು ಬಿಟ್ಟುಕೊಂಡು ಕೂತಿದ್ದಳು. ಎಷ್ಟು ಚೆಂದ ಕಂಡಿತೆಂದರೆ, ಹಿಂದಿನಿಂದ ಹೋಗಿ ಎರಡೂ ಕೈಯಿಂದ ಮುಟ್ಟಿ, ಹಿಂಡಿ, 'ಏ, ಸ್ಪಂಜ್ ಇದ್ದಂಗ ಅದಲ್ಲೇ' ಅಂದೆ. ಅವಳು ಸಿಟ್ಟಾಗಲಿಲ್ಲ. ತಲೆ ಪಕ್ಕಕ್ಕೆ ಸರಿಸಿಕೊಂಡು ತನ್ನ ಘಟ್ಟದ ಕನ್ನಡದಲ್ಲಿ ಹೇಳಿದಳು: 'ಎಂತ ಮಾರಾಯ್ತಿ, ಇದು ದೇವಸ್ಥಾನದ ಗಂಟೆಯಾ, ಬಂದವರೆಲ್ಲ ಮುಟ್ಟಿ ಹೋಗೂಕೆ?'

ನನಗೆ ಚುರುಕ್ ಅಂತು. ನಾನು ಪ್ರೀತಿಯಿಂದ ಮುಟ್ಟಿದ್ದು, ಇವಳ್ಯಾಕೆ ಹಿಂಗಂದಳು ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಒಂದೊಂದೇ ಕೇಳಿಸಿಕೊಂಡೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಮುಟ್ಟುತ್ತಾರೆ. ಆಫೀಸಿನಲ್ಲಿ ಮುಟ್ಟಿ 'ಒರಿಜಿನಲ್ಲಾ?' ಅನ್ನುತ್ತಾರೆ. ಅಂಗಡಿಯವನು ಇಂಗ್ಲಿಷಿನಲ್ಲಿ 'ಯಾವ ದೇಶ?' ಅಂತ ಕೇಳುತ್ತಾನೆ. ಅವಳು ನನಗಿಂತ ಚಲೋ ಕನ್ನಡದಲ್ಲಿ 'ಯಲ್ಲಾಪುರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ' ಅಂದರೆ ನಂಬೋದಿಲ್ಲ. ಶಾಲೆಯಲ್ಲಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಬೇಕು ಅನ್ನೋ ನಿಯಮ. ಭುಜಕ್ಕೆ ಇಳಿಯದ ಕೂದಲಿಗೆ ಎರಡು ಜಡೆ ಎಲ್ಲಿಂದ ತರೋದು? 'ಎಣ್ಣೆ ಹಾಕಿ ಬಾಚ್ಕೊಂಡು ಬರೂಕೆ ಆಗೂದಿಲ್ವಾ' ಅಂತ ದಿನಾ ಬೈಸಿಕೊಳ್ಳುತ್ತಿದ್ದಳಂತೆ. ಇದನ್ನು ಕೇಳಿ ಕೆನ್ಯಾದವಳು ನಕ್ಕಳು. ಅವರ ಕಡೆಯ ಎಷ್ಟೋ ಶಾಲೆಗಳಲ್ಲಿ ಹುಡುಗಿಯರು ಕೂದಲು ಬೆಳೆಸುವಂತೆಯೇ ಇಲ್ಲ, ಗಿಡ್ಡಗೆ ಕತ್ತರಿಸಬೇಕು. ಎರಡು ಖಂಡ, ಎರಡು ತದ್ವಿರುದ್ಧ ನಿಯಮ. ಎರಡರಲ್ಲೂ ಆ ಕೂದಲೇ ತಪ್ಪಿತಸ್ಥ.

ದಿಮಾಪುರದವಳದ್ದು ಇನ್ನೊಂದು ಕತೆ. ಅವಳು ಕೆಲಸ ಮಾಡುವ ಪಾರ್ಲರಿಗೆ ಬರುವವರು ಸಾವಿರಾರು ರೂಪಾಯಿ ಕೊಟ್ಟು ಕೂದಲು ನೇರ ಮಾಡಿಸಿಕೊಳ್ಳುತ್ತಾರೆ, 'ನಿನ್ನ ಹಾಗೇ ಆಗಬೇಕು' ಅಂತ. ಅದೇ ಬಡಾವಣೆಯಲ್ಲಿ ಅವಳಿಗೆ ಬಾಡಿಗೆ ಮನೆ ಕೊಡಲು ಆರು ಕಡೆ ಒಲ್ಲೆ ಅಂದಿದ್ದರು. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿ ಹೋದರಲ್ಲ, ಆಗ ಹೋದವರಲ್ಲಿ ಅವಳ ಅಕ್ಕನೂ ಇದ್ದಳು. ಕೂದಲು ಬೇಕು, ಆ ಕೂದಲಿನ ಮನುಷ್ಯರು ಬೇಡ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. 1786ರಲ್ಲಿ ಸ್ಪೇನ್ ಆಡಳಿತದ ಲೂಸಿಯಾನಾದಲ್ಲಿ ಕಪ್ಪು ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡೇ ಓಡಾಡಬೇಕು ಅಂತ ಅಪ್ಪಣೆ ಹೊರಟಿತ್ತು. ದಕ್ಷಿಣ ಆಫ್ರಿಕಾದಲ್ಲಿ 1950ರ ಜನಸಂಖ್ಯಾ ನೋಂದಣಿ ಕಾಯ್ದೆಯ ನಂತರ, ಮನುಷ್ಯ ಬಿಳಿಯನೋ ಅಲ್ಲವೋ ಅನ್ನೋ ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಪೆನ್ಸಿಲ್ ಜಾರಿ ಬಿದ್ದರೆ ಒಂದು ಬದುಕು, ನಿಂತರೆ ಇನ್ನೊಂದು. ಕೂದಲಿನ ಕಾರಣಕ್ಕೆ ಕೆಲಸ, ಶಾಲೆ ತಪ್ಪಿಸಬಾರದು ಅಂತ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು 2019ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಇದೆಲ್ಲ ತಿಳಿದ ಮೇಲೆ ನನಗೊಂದು ಪಾಠ ಬಂತು. ಇನ್ನೊಬ್ಬರ ತಲೆ ಮುಟ್ಟುವ ಮೊದಲು ಕೇಳಬೇಕು. ಪ್ರೀತಿ ಇದೆ ಅನ್ನೋದು ಪರವಾನಗಿ ಅಲ್ಲ. ಈ ಪಾಠ ಕಲಿತೆ ಅನ್ನೋ ಹೆಮ್ಮೆಯೂ ಜೊತೆಗೇ ಬಂತು. ಪರೀಕ್ಷೆ ಪಾಸಾಯಿತು ಅಂದುಕೊಂಡುಬಿಟ್ಟೆ.

ತಮ್ಮನ ಮದುವೆಗೆ ಮೂವರನ್ನೂ ಊರಿಗೆ ಕರೆದುಕೊಂಡು ಹೋದೆ. ಉದ್ಯಾನ್ ಎಕ್ಸ್‌ಪ್ರೆಸ್ ಇಳಿದಾಗ ಯಾದಗಿರಿಯಲ್ಲಿ ಇನ್ನೂ ನಸುಕು. ಅಲ್ಲಿಂದ ಬಸ್ಸು, ಭೀಮಾ ಹೊಳೆ ದಾಟಿ ಶಹಾಪುರ. ಶಹಾಪುರದ ಗುಡ್ಡದ ಸಾಲು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಗದ್ದ ಎಲ್ಲ ತೋರಿಸಿದೆ. 'ಬುದ್ಧನ ಮೂರ್ತಿಗೂ ನನ್ನ ಹಾಗೇ ಗುಂಗುರು ಕೂದಲು ಅಲ್ವಾ' ಅಂದಳು ಸಿದ್ದಿ ಗೆಳತಿ. ಪಕ್ಕದ ಸೀಟಿನಲ್ಲಿ ತಾಂಡಾದ ವಯಸ್ಸಾದ ಲಂಬಾಣಿ ಅವ್ವ ಕೂತಿದ್ದಳು, ಕೆನ್ನೆಯ ಎರಡೂ ಬದಿಗೆ ಕೂದಲಿಂದ ಇಳಿಬಿದ್ದ ಘುಗ್ರಿ ಟೋಪ್ಲಿ. ಕೆನ್ಯಾದವಳು ಜಡೆಯ ತುದಿಗೆ ಮಣಿ ಪೋಣಿಸಿಕೊಂಡಿದ್ದಳು. ಸುರಪುರ ಕಡೆ ಬಸ್ಸು ಹೊರಳುವವರೆಗೂ ಇಬ್ಬರೂ ಒಬ್ಬರ ತಲೆ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಭಾಷೆಯೇ ಬೇಕಾಗಲಿಲ್ಲ.

ಆಫ್ರಿಕಾ ನಮ್ಮ ಕಡೆಗೆ ಹೊಸದೂ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದಲ್ಲಿ ನಿಂತು ಮೊಗಲರನ್ನು ತಡೆದ. ಪಕ್ಕದ ವಿಜಾಪುರದ ಆದಿಲ್‌ಶಾಹಿಯಲ್ಲಿ ಇಖ್ಲಾಸ್ ಖಾನ್ ಅನ್ನೋ ಹಬಶಿ ಮಂತ್ರಿಯಾಗಿದ್ದ. 1948ರವರೆಗೆ ನಮ್ಮನ್ನಾಳಿದ ನಿಜಾಮರ ಹತ್ತಿರ ಆಫ್ರಿಕನ್ ಕುದುರೆ ಪಡೆಯೇ ಇತ್ತು, ಹೈದರಾಬಾದಿನ ಎ.ಸಿ. ಗಾರ್ಡ್ಸ್ ಬಡಾವಣೆಗೆ ಆ ಹೆಸರು ಬಂದದ್ದು ಅದರಿಂದಲೇ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ಮಾತ್ರ 2003ರಲ್ಲಿ. ಬಂದು ನೂರಾರು ವರ್ಷವಾದರೂ 'ಯಾವ ದೇಶ?' ಅನ್ನೋ ಪ್ರಶ್ನೆ ತಪ್ಪಿಲ್ಲ.

ಮದುವೆ ಮನೆಯಲ್ಲಿ ನನ್ನ ಗೆಳತಿಯರದ್ದೇ ಸುದ್ದಿ. ಮಕ್ಕಳು ಕೆನ್ಯಾದವಳ ಸುತ್ತ ಗುಂಪುಗೂಡಿದವು. ನಾನು ಗದರಿಸಲು ಹೋದೆ, ಅವಳೇ ಬೇಡ ಅಂತ ಕೈಸನ್ನೆ ಮಾಡಿ, ಕೆಳಗೆ ಕೂತು, ತಲೆ ಬಾಗಿಸಿ, ಒಬ್ಬೊಬ್ಬರಾಗಿ ಮುಟ್ಟಿ ಅಂದಳು. ಮಕ್ಕಳು ಪಾಳಿ ಹಚ್ಚಿ ಮುಟ್ಟಿದವು. ಸಂಜೆ ಅವ್ವ ಎಣ್ಣೆ ಬಟ್ಟಲು ಹಿಡಿದು ಕಟ್ಟೆಗೆ ಬಂದಳು. ನೆತ್ತಿಗೆ ಅಂಟಿಕೊಂಡಂತೆ ಸಾಲು ಸಾಲಾಗಿ ಹೆಣೆದ ಆ ಜಡೆಗಳನ್ನು ನೋಡಿ, 'ಕೂರಿಗಿ ಹೂಡಿ ಬಿತ್ತಿದಂಗ ಅದಲ್ಲ ತಂಗಿ, ಒಂದು ಸಾಲೂ ಸೊಟ್ಟಿಲ್ಲ' ಅಂದಳು. ನಾನು ಅನುವಾದ ಮಾಡಿದೆ. ಕೆನ್ಯಾದವಳು ಕುಣಿದಾಡಿದಳು, ಇಂಗ್ಲಿಷಿನಲ್ಲಿ ಆ ಹೆಣಿಗೆಯ ಹೆಸರಿನ ಅರ್ಥವೇ ಗೋವಿನಜೋಳದ ಸಾಲು. ಅವ್ವ ಎಣ್ಣೆಯಲ್ಲಿ ಬೆರಳದ್ದಿ, ಕೈ ತಡೆದು ನಿಲ್ಲಿಸಿ, ಕೇಳಿದಳು:

'ಮುಟ್ಟಲೇನವ್ವಾ?'

ನಾನು ಬೆಂಗಳೂರಿನಲ್ಲಿ ಏಟು ತಿಂದು ಕಲಿತ ಪಾಠ ಅವ್ವನಿಗೆ ತಾನಾಗೇ ಬಂದಿತ್ತು. ಕಣ್ಣು ತುಂಬಿ ಬಂತು. ಅವ್ವನ ಎರಡು ಮೊಣಕಾಲಿನ ನಡುವೆ ಕೆನ್ಯಾದ ಹುಡುಗಿ, ಸಾಲಿನ ನಡುವೆ ಔಡಲೆಣ್ಣಿ ಹಚ್ಚುತ್ತಿರುವ ಬೆರಳು. ಫೋಟೋ ತೆಗೆದೆ. ಆ ಫೋಟೋ ನೋಡಿದವರೆಲ್ಲ ಇವತ್ತಿಗೂ 'ಎಷ್ಟು ಚೆಂದ' ಅನ್ನುತ್ತಾರೆ.

ಫೋಟೋದ ಅಂಚಿನಿಂದ ಹೊರಗೆ ಒಬ್ಬಳು ನಿಂತಿದ್ದಳು.

ಅವಳು ನನ್ನ ಜೊತೆ ಒಂದನೇ ಇಯತ್ತೆಯಿಂದ ಓದಿದವಳು. ಕೇರಿಯವಳು. ಈಗ ನಮ್ಮೂರ ಆಶಾ ಕಾರ್ಯಕರ್ತೆ. ಮದುವೆಗೆ ಬಂದ ಬಸುರಿಯರ ಮಾಹಿತಿ ಬರೆದುಕೊಳ್ಳಲು ರಿಜಿಸ್ಟರ್ ಹಿಡಿದು ಬಂದಿದ್ದಳು. ಅವ್ವ ಪ್ರೀತಿಯಿಂದಲೇ 'ಬಾರವ್ವ, ಉಂಡು ಹೋಗು' ಅಂದಳು, ಚಹಾ ಕೊಡಿಸಿದಳು. ಎಲ್ಲರಿಗೂ ಕೊಡುತ್ತಿದ್ದ ಅದೇ ಪೇಪರ್ ಕಪ್ಪಿನಲ್ಲಿ. ಪೇಪರ್ ಕಪ್ಪು ಬಂದ ಮೇಲೆ ನಮ್ಮ ಕಡೆ ಈ ಒಂದು ಅನುಕೂಲ ಆಗಿದೆ, ಯಾರ ಕಪ್ಪು ಯಾವುದು ಅನ್ನೋ ಪ್ರಶ್ನೆಯೇ ಏಳುವುದಿಲ್ಲ. ಆದರೆ ಅವಳು ಚಹಾ ಕುಡಿದದ್ದು ಕಟ್ಟೆಯ ಕೆಳಗೆ ನಿಂತು. ಮೇಲೆ ಬಾ ಅಂತ ಯಾರೂ ಅನ್ನಲಿಲ್ಲ, ಅವಳೂ ಬರಲಿಲ್ಲ.

ಕೆನ್ಯಾದವಳು ಕಣ್ಣು ಮುಚ್ಚಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳು ಕಣ್ಣು ತೆರೆದು ಅವಳನ್ನು ನೋಡಿದಳು. ಇಂಗ್ಲಿಷಿನಲ್ಲಿ ನನಗಂದಳು: ಅವಳ ಕೂದಲು ಎಷ್ಟು ದಟ್ಟ ಇದೆ ನೋಡು, ಬೆಳಗಿನಿಂದ ಬಿಸಿಲಲ್ಲಿ ತಿರುಗಿದ್ದಾಳೆ ಅನ್ನಿಸುತ್ತೆ, ನನ್ನದು ಆದ ಮೇಲೆ ಅಮ್ಮ ಅವಳಿಗೂ ಹಚ್ಚಲಿ, ಕೇಳು.

'ಏನಂತಾಳ?' ಅಂತ ಅವ್ವ ಕೇಳಿದಳು.

ನಾನು ಒಂದು ಕ್ಷಣ ನೋಡಿದೆ. ಅವ್ವನ ಹಿಂದೆ ದೊಡ್ಡಪ್ಪ ಇದ್ದರು, ಬೀಗರು ಇದ್ದರು, ನಾಳೆ ಮದುವೆ ಇತ್ತು. 'ನಿನ್ನ ಎಣ್ಣಿ ಭಾಳ ಛಲೋ ಅದ ಅಂತಾಳ' ಅಂದೆ.

ಅವ್ವ ನಕ್ಕಳು. ಕಟ್ಟೆಯ ಕೆಳಗೆ ನಿಂತವಳೂ ಸಣ್ಣಗೆ ನಕ್ಕಳು. ಅವಳು ಪಿಯುಸಿವರೆಗೆ ನನ್ನ ಜೊತೆಗೇ ಓದಿದವಳು, ಇಂಗ್ಲಿಷಿನಲ್ಲಿ ನನಗಿಂತ ಎರಡು ಅಂಕ ಹೆಚ್ಚೇ ತೆಗೆದವಳು. ಕಪ್ಪನ್ನು ಮಡಚಿ ಬುಟ್ಟಿಗೆ ಹಾಕಿ, 'ಬರ್ತೀನ್ರಿ ಅಕ್ಕೋರೆ' ಅಂತ ನನಗೆ ಹೇಳಿ ಹೋದಳು.

ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಸಿದ್ದಿ ಗೆಳತಿ ಕೇಳಿದಳು. ಎರಡೂ ಭಾಷೆ ತಿಳಿದವಳು ಅಲ್ಲಿ ಅವಳೂ ಒಬ್ಬಳಿದ್ದಳಲ್ಲ. 'ನೀ ಎಂತಕ್ಕೆ ತಪ್ಪು ಹೇಳಿದ್ದು?'

ಆಗ ನಾನು ಅವಳಿಗೆ ಹೇನಿನ ಕತೆ ಹೇಳಬೇಕಾಯಿತು.

ಮೂರನೇ ಇಯತ್ತೆಯಲ್ಲಿ ನಾನೂ ಕೇರಿಯ ಆ ಗೆಳತಿಯೂ ಒಂದೇ ಪಾಠದ ಪುಸ್ತಕಕ್ಕೆ ತಲೆ ಕೂಡಿಸಿ ಓದುತ್ತಿದ್ದೆವು. ನನ್ನ ತಲೆಗೆ ಹೇನು ಬಿದ್ದವು. ಹೇನಿಗೆ ಓಣಿ ಗೊತ್ತಿಲ್ಲ, ಕೇರಿ ಗೊತ್ತಿಲ್ಲ; ತಲೆಗೆ ತಲೆ ತಾಗಿದರೆ ದಾಟುತ್ತದೆ, ಅಷ್ಟೇ. ಅವ್ವ ಹೇನಿನ ಹಣಿಗೆ ಹಿಡಿದು ಕೂತಳು. 'ಯಾರ ಜೊತಿ ತಲಿ ಕೂಡಿಸಿದ್ದಿ?' ಹೆಸರು ಹೇಳಿದೆ. ಬೆನ್ನಿಗೆ ಎರಡು ಬಿದ್ದವು. ಹೇನು ಬಿದ್ದದ್ದಕ್ಕಲ್ಲ, ಹೇಗೆ ಬಿದ್ದವು ಅನ್ನೋದಕ್ಕೆ. ಮರುದಿನ ಶಾಲೆಯಲ್ಲಿ ನಾನು ಜಾಗ ಬದಲಿಸಿ ಕೂತೆ. ಯಾಕೆ ಅಂತ ಅವಳು ಕೇಳಲಿಲ್ಲ. ಎಂಟು ವರ್ಷಕ್ಕೇ ಅವಳಿಗೆ ಅದು ತಿಳಿದಿತ್ತು.

ಅವಳ ಅಣ್ಣನದ್ದು ಇನ್ನೊಂದು. ಕೂದಲು ಬೆಳೆಸಿಕೊಂಡು ಬಂದ ಅಂತ ಮಾಸ್ತರು ದಿನಾ ಹೊರಗೆ ನಿಲ್ಲಿಸುತ್ತಿದ್ದರು. ಊರಲ್ಲಿ ಕಟಿಂಗ್ ಮಾಡುವ ಹಡಪದ ಕಾಕಾ ಇದ್ದ, ಬೇವಿನ ಗಿಡದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು. ಆದರೆ ಕೇರಿಯವರ ತಲೆಗೆ ಅವನು ಕತ್ತರಿ ಹಚ್ಚುತ್ತಿರಲಿಲ್ಲ. ಸಂತೆ ದಿನ ಶಹಾಪುರಕ್ಕೆ ಹೋಗಬೇಕು, ಬಸ್ಸಿನ ದುಡ್ಡು ಇದ್ದಾಗ. ಒಮ್ಮೆ ಕೇರಿಯ ಹುಡುಗರು ಕೂಡಿ ಕೇಳಿದರು. ಕಾಕಾ ನಮ್ಮಪ್ಪನ ಹತ್ತಿರ ಬಂದು ಕೈ ಮುಗಿದು ನಿಂತ: 'ಗೌಡ್ರೆ, ನಾ ಮಾಡ್ತೀನ್ರಿ. ಮಾಡಿದ ಮ್ಯಾಲ ನೀವು ನನ್ನ ಹತ್ರ ಬರ್ತೀರೇನ್ರಿ?' ಅಪ್ಪ ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆಯೇ ಉತ್ತರ. ಸುಗ್ಗಿಯಲ್ಲಿ ಊರವರು ಕೊಡುವ ಆಯದ ಮೇಲೆ ಬದುಕುವ ಮನುಷ್ಯ, ಹನ್ನೆರಡನೇ ಶತಮಾನದ ಶರಣ ಹಡಪದ ಅಪ್ಪಣ್ಣನ ಫೋಟೋ ತನ್ನ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡವನು. ಅವನ ಕೈ ತಡೆದದ್ದು ಅವನೊಬ್ಬನೇ ಅಲ್ಲ.

ಅಮೆರಿಕದ ಕಪ್ಪು ಹೆಂಗಸರು ದಶಕಗಳಿಂದ ಹೇಳುತ್ತ ಬಂದಿರೋದು 'ನನ್ನ ಕೂದಲು ಮುಟ್ಟಬೇಡ' ಅಂತ. ನಮ್ಮೂರ ಕೇರಿಯ ಹುಡುಗ ಕೇಳಿದ್ದು 'ನನ್ನ ಕೂದಲು ಮುಟ್ಟು' ಅಂತ. ಎರಡೂ ಎದುರುಬದುರು ಮಾತು ಅನ್ನಿಸುತ್ತದೆ. ನಾನು ಬಹಳ ದಿನ ಹಾಗೇ ತಿಳಿದಿದ್ದೆ. ಹಾಗಾಗಿಯೇ ಬೆಂಗಳೂರಿನ ಪಾಠ ಊರಿಗೆ ಹೊಂದೋದಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ಈಗ ಅನ್ನಿಸೋದು, ಎರಡೂ ಒಂದೇ ಮಾತು. ಒಂದು ಕಡೆ ಯಾರು ಬೇಕಾದರೂ ಮುಟ್ಟಬಹುದಾದ ತಲೆ, ಇನ್ನೊಂದು ಕಡೆ ಯಾರೂ ಮುಟ್ಟಬಾರದ ತಲೆ. ಎರಡೂ ಕಡೆ ತಲೆ ಯಾರದೋ ಅವರನ್ನು ಬಿಟ್ಟು ಉಳಿದವರು ತೀರ್ಮಾನ ಮಾಡಿದ್ದಾರೆ. ಮುಟ್ಟುವುದೂ ಗುಣವಲ್ಲ, ಮುಟ್ಟದಿರುವುದೂ ಗುಣವಲ್ಲ. ಅದನ್ನು ಯಾರು ಹೇಳಬೇಕು ಅನ್ನೋದೇ ಪ್ರಶ್ನೆ.

ವಿಚಿತ್ರ ಅಂದ್ರೆ, ತಲೆಯಿಂದ ಉದುರಿದ ಮೇಲೆ ಕೂದಲಿಗೆ ಈ ಯಾವ ತಂಟೆಯೂ ಇಲ್ಲ. ಹಣಿಗೆಗೆ ಬಂದ ಕೂದಲನ್ನು ಅವ್ವ ಉಂಡೆ ಮಾಡಿ ಗೋಡೆಯ ಸಂದಿಗೆ ಇಡುತ್ತಾಳೆ. ಕೂದಲು ಕೊಳ್ಳುವವರು ಬಂದಾಗ ಅದನ್ನು ಕೊಟ್ಟು ಪಿನ್ನು, ಸಣ್ಣ ಪಾತ್ರೆ ಇಸಿದುಕೊಳ್ಳುತ್ತಾಳೆ. ಅವರು ಅದೇ ಚೀಲ ಹೊತ್ತು ಕೇರಿಗೂ ಹೋಗುತ್ತಾರೆ. ನಮ್ಮ ಕಡೆ ಇಂಥ ಕೂದಲ ವ್ಯಾಪಾರಕ್ಕೆ ಹೆಸರಾದದ್ದು ಕೊಪ್ಪಳದ ಪಕ್ಕದ ಭಾಗ್ಯನಗರ. ಅಲ್ಲಿ ಹೆಣ್ಮಕ್ಕಳು ಕೂತು ಗಂಟು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಕಟ್ಟುತ್ತಾರೆ, ಅಲ್ಲಿಂದ ಹೊರದೇಶಕ್ಕೆ ಹೋಗಿ ವಿಗ್ಗು, ಚೌರಿ ಆಗುತ್ತದೆ. ಆ ಚೀಲದಲ್ಲಿ ಓಣಿಯ ಕೂದಲು, ಕೇರಿಯ ಕೂದಲು ಒಂದರೊಳಗೊಂದು ಸಿಕ್ಕಿಕೊಂಡೇ ಇರುತ್ತದೆ. ದುಡ್ಡು ಹುಟ್ಟುವಲ್ಲಿ ಮೈಲಿಗೆ ಇಲ್ಲ. ಮೈಲಿಗೆ ಇರೋದು ಕೂದಲಿನ ಕೆಳಗೆ ಮನುಷ್ಯ ಇದ್ದಾಗ ಮಾತ್ರ.

ಮದುವೆ ಮುಗಿದ ಮರುದಿನ, ಮನೆ ಖಾಲಿಯಾದ ಮೇಲೆ, ಅವ್ವನನ್ನು ಕೇಳಿದೆ. ಅಷ್ಟು ದೂರದ ಹುಡುಗಿ ತಲೆಗೆ ಎಣ್ಣೆ ಹಚ್ಚಿದಿ, ಆಶಾ ಬಂದಾಗ ಯಾಕೆ ಮೇಲೆ ಕರೆಯಲಿಲ್ಲ? ಅವ್ವ ಸಿಟ್ಟಾಗಲಿಲ್ಲ, ಸುಳ್ಳೂ ಹೇಳಲಿಲ್ಲ. ಜೋಳ ಹಸನು ಮಾಡುತ್ತಲೇ ಅಂದಳು:

'ಆಕಿ ನಾಳಿ ಹೋಗ್ತಾಳ. ಇವರು ಇಲ್ಲೇ ಇರ್ತಾರ.'

ಈ ಮಾತನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ಇದರಲ್ಲಿ ಅವ್ವನ ತಪ್ಪಿದೆ, ಜೊತೆಗೆ ನನ್ನಂಥವರ ಬಣ್ಣವೂ ಬಯಲಾಗುತ್ತದೆ. ಬೆಂಗಳೂರಿನಲ್ಲಿ ನಾಲ್ಕು ನಮೂನೆ ತಲೆಗಳ ಜೊತೆ ಕೂತು ಎಣ್ಣೆ ಹಂಚಿಕೊಳ್ಳಲು ನನಗೆ ಏನು ಖರ್ಚಾಯಿತು? ಏನೂ ಇಲ್ಲ. ಉಲ್ಟಾ ಹೆಸರು ಬಂತು, ಫೋಟೋ ಬಂತು. ಕೇರಿಯ ಗೆಳತಿಯನ್ನು ಕಟ್ಟೆ ಹತ್ತಿಸಿದ್ದರೆ ಖರ್ಚಾಗುತ್ತಿತ್ತು: ದೊಡ್ಡಪ್ಪ ಎದ್ದು ಹೋಗುತ್ತಿದ್ದರು, ಬೀಗರು ಮುಖ ಮುಖ ನೋಡುತ್ತಿದ್ದರು, ತಮ್ಮನ ಮದುವೆಯಲ್ಲಿ ಒಂದು ಮಾತು ಉಳಿಯುತ್ತಿತ್ತು. ದೂರದವರ ಜೊತೆಗಿನ ಸ್ನೇಹ ಹಗುರ, ಅದು ನಮ್ಮ ಮನೆಯ ಒಂದು ಕಲ್ಲನ್ನೂ ಅಲುಗಿಸುವುದಿಲ್ಲ. ಹಾಗಂತ ಆ ಸ್ನೇಹ ಸುಳ್ಳು ಅನ್ನುತ್ತಿಲ್ಲ. 2016ರ ಜನವರಿಯ ಕೊನೆಗೆ ಬೆಂಗಳೂರಿನಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ್ದು ಕಂಡಿದ್ದೇವೆ. ಅತಿಥಿ ಅನ್ನೋ ಗೌರವವೂ ಎಲ್ಲರಿಗೂ ಎಲ್ಲ ಕಡೆ ಸಿಗುವಂಥದ್ದಲ್ಲ. ನಾನು ಹೇಳೋದು ಇಷ್ಟೇ: ದೂರದ ತಲೆಯ ಮೇಲೆ ಕಲಿತ ಪಾಠವನ್ನು ಹತ್ತಿರದ ತಲೆಯ ಮುಂದೆ ಒಪ್ಪಿಸಲು ಆಗದಿದ್ದರೆ, ಕಲಿತದ್ದು ಪಾಠ ಅಲ್ಲ, ಬರೀ ಶಿಷ್ಟಾಚಾರ.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದು ಹಾಕಿತು. 15ನೇ ವಿಧಿಯಲ್ಲಿ ಬರುವ 'ಅಂಗಡಿ' ಅನ್ನೋ ಪದಕ್ಕೆ ಸೇವೆ ಸಿಗುವ ಜಾಗ ಅನ್ನೋ ವಿಶಾಲ ಅರ್ಥ ಇದೆ ಅಂತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲೇ ಬಿಡಿಸಿ ಹೇಳಿದ್ದರು. ಸೇವೆ ನಿರಾಕರಿಸಿದರೆ ಶಿಕ್ಷೆ ಅಂತ 1955ರ ಕಾಯ್ದೆ ಇದೆ. ಕಟಿಂಗ್ ಅಂಗಡಿಯ ಬಾಗಿಲಿಗೆ ಕಾನೂನು ಬರಬಲ್ಲದು, ಬರಲೇಬೇಕು. ಆದರೆ ಅವ್ವನ ಮೊಣಕಾಲಿನ ನಡುವಿನ ಜಾಗಕ್ಕೆ ಯಾವ ಕಾನೂನು ಬಂದೀತು? ಅಲ್ಲಿ ಒಬ್ಬರು ಬಾಯಿಬಿಟ್ಟು ಕೇಳಬೇಕು, ಇನ್ನೊಬ್ಬರು ಹ್ಞೂಂ ಅಥವಾ ಊಹ್ಞೂಂ ಅನ್ನಬೇಕು. ಬೇರೆ ದಾರಿ ಇಲ್ಲ.

ಗುಡ್ಡದ ಮೇಲೆ ಮಲಗಿರುವ ಬುದ್ಧನ ಬಗ್ಗೆ ಒಂದು ಹಳೆಯ ಕತೆ ಇದೆ. ಶಾಕ್ಯ ರಾಜಕುಮಾರರು ಭಿಕ್ಷುಗಳಾಗಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. ಮೊದಲು ಇವನಿಗೆ ದೀಕ್ಷೆ ಕೊಡಿ, ಆಗ ನಾವು ಇವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಸೊಕ್ಕು ಇಳಿಯುತ್ತದೆ ಅಂತ ರಾಜಕುಮಾರರೇ ಕೇಳಿದರಂತೆ. ಬುದ್ಧ ಹಾಗೇ ಮಾಡಿದ. ನನಗೆ ಈ ಕತೆಯಲ್ಲಿ ಹಿಡಿಸೋದು ಅವರು ಖರ್ಚನ್ನು ತಾವೇ ಕೇಳಿ ತಲೆ ಮೇಲೆ ಹಾಕಿಕೊಂಡದ್ದು. ನಮ್ಮೂರಲ್ಲಿ ಖರ್ಚು ಇವತ್ತಿಗೂ ಕೇರಿಯವರದ್ದೇ. ಅವಳ ಅಣ್ಣ ಈಗ ಟಂಟಂ ಓಡಿಸುತ್ತಾನೆ. 'ಈಗೇನು ತ್ರಾಸಿಲ್ಲಕ್ಕ, ಟೌನಿಗೆ ಹೋಗೇ ಇರ್ತೀವಿ, ಅಲ್ಲೇ ಮಾಡಿಸ್ಕೊಂಡು ಬರ್ತೀವಿ' ಅಂದ. ಊರಿನ ಲೆಕ್ಕದಲ್ಲಿ ಸಮಸ್ಯೆ ಬಗೆಹರಿದಿದೆ.

ಬೆಂಗಳೂರಿಗೆ ಹೊರಡುವ ಮುಂಚೆ ನಾನು ಅವಳ ಮನೆಗೆ ಹೋದೆ. ಅವತ್ತು ಕಟ್ಟೆಯ ಮುಂದೆ 'ಅಕ್ಕೋರೆ, ಬರ್ತೀನ್ರಿ' ಅಂದವಳು ತನ್ನ ಮನೆಯಲ್ಲಿ 'ಬಾ, ಕೂಡು' ಅಂದಳು. ಆ ಏಕವಚನಕ್ಕೆ ನನ್ನ ಎದೆ ಸ್ವಲ್ಪ ಹಗುರಾಯಿತು. ನಾನು ತಪ್ಪು ಹೇಳಿದೆ, ನಿನಗೆ ತಿಳಿದಿತ್ತು ಅಂದೆ.

'ತಿಳೀಲಾರದೇನು' ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಅಂದದ್ದು: 'ಖರೇ ಹೇಳಿದ್ರ ನಿಮ್ಮವ್ವ ಏನಂತಿದ್ರೋ ಏನೋ. ಹ್ಞೂಂ ಅಂತಿದ್ರೋ ಊಹ್ಞೂಂ ಅಂತಿದ್ರೋ. ಹ್ಞೂಂ ಅಂದಿದ್ರೂ ನಾನೇ ಬ್ಯಾಡ ಅಂತಿದ್ನೋ ಏನೋ, ನನಗೇನು ಎಲ್ಲಾರ ಮುಂದ ತಲಿ ಕೊಟ್ಟು ಕೂಡೋ ಹೌಸಿ ಇಲ್ಲ. ಆದರ ಅದು ನಮ್ಮಿಬ್ಬರ ಬಾಯಿಂದ ಬರಬೇಕಿತ್ತು. ನೀನೇ ಇಬ್ಬರ ಪರವಾಗಿ ಉತ್ತರಾ ಕೊಟ್ಟಿ.'

ನಾನು ಇಷ್ಟು ದಿನ ನನ್ನ ತಪ್ಪು ಹೇಡಿತನ ಅಂದುಕೊಂಡಿದ್ದೆ. ಅವಳು ತೋರಿಸಿದ್ದು ಅದಕ್ಕಿಂತ ದೊಡ್ಡದು. ಸಿದ್ದಿ ಗೆಳತಿಯ ತಲೆಯನ್ನು ಕೇಳದೆ ಮುಟ್ಟಿದಾಗ ಏನು ಮಾಡಿದ್ದೆನೋ, ಇಲ್ಲಿ ಕೇಳುವುದನ್ನೇ ತಪ್ಪಿಸಿ ಮಾಡಿದ್ದೂ ಅದನ್ನೇ. ಇವರು ಹೀಗೇ ಅನ್ನುತ್ತಾರೆ ಅಂತ ಮೊದಲೇ ತೀರ್ಮಾನಿಸಿ, ಅವ್ವನಿಗೆ ಬದಲಾಗುವ ಅವಕಾಶವನ್ನೂ ಗೆಳತಿಗೆ ಒಲ್ಲೆ ಅನ್ನುವ ಅವಕಾಶವನ್ನೂ ಒಟ್ಟಿಗೇ ಕಿತ್ತುಕೊಂಡಿದ್ದೆ. ಅವ್ವನ ವಯಸ್ಸು, ಊರಿನ ಪದ್ಧತಿ, ಮದುವೆ ಮನೆ ಅನ್ನೋ ನೆವಗಳನ್ನೆಲ್ಲ ಒಪ್ಪಿಕೊಂಡರೂ, ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿದವಳು ನಾನೇ.

ಹೋದ ತಿಂಗಳು ಫೋನಿನಲ್ಲಿ ಅವ್ವನಿಗೆ ನಿಜ ಹೇಳಿದೆ. ಅವತ್ತು ಆ ಹುಡುಗಿ ಎಣ್ಣೆ ಛಲೋ ಅದ ಅಂದಿರಲಿಲ್ಲ, ಆಶಾಗೂ ಹಚ್ಚು ಅಂದಿದ್ದಳು ಅಂತ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಫೋನು ಕಟ್ ಆಯಿತೇನೋ ಅಂತ ಎರಡು ಸಲ ಹಲೋ ಅಂದೆ.

'ಆಗ ಹೇಳಬೇಕಿಲ್ಲೇನು ಮತ್ತ?' ಅಂದಳು ಅವ್ವ.

ಅದು ಬೈಗುಳವೋ, ಹಳಹಳಿಯೋ, ಈಗ ಹೇಳಿ ಏನು ಉಪಯೋಗ ಅನ್ನೋ ನಿಟ್ಟುಸಿರೋ ನನಗೆ ತಿಳಿಯಲಿಲ್ಲ. ದೀಪಾವಳಿಗೆ ಊರಿಗೆ ಹೋಗುತ್ತಿದ್ದೇನೆ. ನೀರು ತುಂಬುವ ಹಬ್ಬದ ಮರುದಿನ ಎಲ್ಲರೂ ಎಣ್ಣೆ ಹಚ್ಚಿಕೊಂಡೇ ಎರೆದುಕೊಳ್ಳುತ್ತಾರೆ. ಈ ಸಲ ಕೇಳುತ್ತೇನೆ, ಇಬ್ಬರನ್ನೂ.